ತಂಗೀ, ಮ್ಯೂಸಿಕಲ್ ನೋಡು, ಆದರೆ ರಜೆ ಉಳಿಸಿಕೋ

ತಂಗೀ, ನಿನ್ನ ಮೆಸೇಜ್ ಓದಿದೆ. ಸಿರುಗುಪ್ಪದ ಹುಡುಗಿ ಲಂಡನ್‌ಗೆ ಕೆಲಸಕ್ಕೆ ಬರ್ತಿದ್ದಾಳೆ ಅಂದರೆ ನನಗೂ ಹೆಮ್ಮೆಯೇ. ನೀನು ಕೇಳಿದ್ದು ರೂಮು, ಚಳಿ, ಬೇಜಾರು, ಆಮೇಲೆ "ಅಲ್ಲಿ ಮ್ಯೂಸಿಕಲ್ ಅಂತ ಹಾಡು-ಕುಣಿತದ ನಾಟಕ ನೋಡಲೇಬೇಕಂತೆ ಅಕ್ಕಾ, ಅಷ್ಟು ದುಡ್ಡು ಕೊಡೋದು ದಂಡ ಅಲ್ವಾ?" ಅಂತ.

ರೂಮಿನ ವಿಷಯ ಇಷ್ಟೇ: ಕಣ್ಣಾರೆ ನೋಡದೆ ಯಾರಿಗೂ ಅಡ್ವಾನ್ಸ್ ಹಾಕಬೇಡ. ಚಳಿಗೆ ಒಳ್ಳೆ ಕೋಟು ಸಾಕು, ಅದನ್ನೂ ಇಲ್ಲೇ ತಗೋ. ಕಷ್ಟ ಕೊಡುವುದು ಕತ್ತಲು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಹೊತ್ತು ಮುಳುಗುತ್ತದೆ.

ಇನ್ನು ಮ್ಯೂಸಿಕಲ್. ದಂಡ ಅಲ್ಲ, ನೋಡು. ನಾನು ಬಂದ ಹೊಸತರಲ್ಲಿ ಕೆಲಸ, ಬಸ್ಸು, ರೂಮು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಜೊತೆಗೆ ಕೆಲಸ ಮಾಡುವವಳೊಬ್ಬಳು ಟಿಕೆಟ್ ಮಿಕ್ಕಿದೆ ಅಂತ 'ಲಯನ್ ಕಿಂಗ್'ಗೆ ಎಳೆದುಕೊಂಡು ಹೋದಳು. ಲೈಸಿಯಂ ಥಿಯೇಟರ್‌ನಲ್ಲಿ 1999ರಿಂದ ನಡೆಯುತ್ತಿರುವ ಆಟ ಅದು. ಮಕ್ಕಳ ಕಥೆ, ಸುಮ್ನೆ ನೋಡಿ ಬಂದರಾಯಿತು ಅಂದುಕೊಂಡು ಕೂತೆ. ದೀಪ ಆರಿತು. ಜನರ ನಡುವಿನ ದಾರಿಯಲ್ಲೇ ಪ್ರಾಣಿಗಳ ವೇಷ ಹಾಕಿದವರು ನಡೆದು ಬಂದರು, ಎರಡೂ ಪಕ್ಕದ ಬಾಲ್ಕನಿಗಳಲ್ಲಿ ನಿಂತವರು ಡೋಲು ಬಾರಿಸುತ್ತಿದ್ದರು. ಮುಖವಾಡ ನೆತ್ತಿಯ ಮೇಲಿರುತ್ತದೆ, ಅದರ ಕೆಳಗೆ ನಟನ ಮುಖವೂ ಕಾಣುತ್ತದೆ. ನಮ್ಮ ಬಯಲಾಟದ ಕಿರೀಟ ಭುಜಕೀರ್ತಿ ನೋಡಿ ಬೆಳೆದವಳಿಗೆ ಇದೇನು ಹೊಸದಲ್ಲ ಅಂತ ಒಳಗೊಳಗೇ ಬೀಗಿದೆ. ಆಮೇಲೆ ಅಣ್ಣನ ರಾಜ್ಯ ಕಬಳಿಸಲು ಹೊಂಚು ಹಾಕುವ ತಮ್ಮ ಸಿಂಹ ಬಂದ. ಮೈ ಬಾಗಿಸಿ, ವ್ಯಂಗ್ಯವಾಗಿ ಮಾತಾಡುತ್ತಾ ಬಂದದ್ದೇ ತಡ, ನನಗೆ ನಮ್ಮ ಮಾವನೇ ಕಂಡುಬಿಟ್ಟ.

ನಮ್ಮ ಸೋದರಮಾವ ಶಕುನಿ ಪಾತ್ರದವನು. ನಮ್ಮ ಕಡೆ ಮಹಾಭಾರತದ ನಾಟಕ 'ರಕ್ತರಾತ್ರಿ' ಆಡದ ಊರುಂಟಾ? ಕಂದಗಲ್ ಹನುಮಂತರಾಯರು ಬರೆದದ್ದು, ಅದರ ದ್ರೌಪದಿ ಅಂದರೆ ಸುಭದ್ರಮ್ಮ ಮನ್ಸೂರು ಅಂತ ನಿಮ್ಮ ಮನೆಯ ಹಿರಿಯರೂ ಹೇಳುತ್ತಾರೆ, ಕೇಳಿ ನೋಡು. ಕುರುಗೋಡು ಹತ್ತಿರದ ನಮ್ಮ ಹಳ್ಳಿಯಲ್ಲಿ ಉಗಾದಿ ಆದಮೇಲೆ ನಾಟಕ. ಎರಡು ತಿಂಗಳು ಗುಡಿ ಕಟ್ಟೆ ಮೇಲೆ ತಾಲೀಮು, ಹಾರ್ಮೋನಿಯಂ ಮಾಸ್ತರರಿಗೆ ದಿನಕ್ಕೊಂದು ಮನೆಯ ಊಟ. ಸೀನರಿ, ಡ್ರೆಸ್ಸು ಬಳ್ಳಾರಿಯಿಂದ ಬಾಡಿಗೆಗೆ. ನಾವು ಹುಡುಗಿಯರು ಹೊತ್ತಿರುವಾಗಲೇ ಹೋಗಿ ಚಾಪೆ ಹಾಸಿ ಜಾಗ ಹಿಡಿಯುತ್ತಿದ್ದೆವು. ಮಾವ ಹಗಲೆಲ್ಲ ಮೆಣಸಿನಕಾಯಿ ಹೊಲದಲ್ಲಿ ಇರುವವನು, ಮಾತು ಕಮ್ಮಿ. ರಾತ್ರಿ ಬಣ್ಣ ಹಚ್ಚಿ ಒಂದು ಕಾಲು ಎಳೆಯುತ್ತಾ ಬಂದು, ಅಂಗೈಯಲ್ಲಿ ದಾಳ ಉಜ್ಜಿ ಕಿವಿಯ ಹತ್ತಿರ ಹಿಡಿದು ಅದರ ಜೊತೆ ಗುಟ್ಟು ಮಾತಾಡುವವನಂತೆ ನಗುತ್ತಿದ್ದ. ಬಡಿಗೇರರ ಹತ್ತಿರ ಮಾಡಿಸಿಕೊಂಡ ಕಟ್ಟಿಗೆ ದಾಳ, ಮನೆಯಲ್ಲಿ ಹಳೇ ಸುಣ್ಣದ ಡಬ್ಬಿಯೊಳಗೆ ಇಟ್ಟಿರುತ್ತಿದ್ದ. ಅವನು ನಕ್ಕರೆ ಹೆಂಗಸರ ಕಡೆಯಿಂದ ಲಟಿಗೆ ಮುರಿಯುವ ಸದ್ದು, "ನಿನ್ನ ಬಾಯಾಗ ಮಣ್ಣು ಬೀಳಲಿ!" ಬೈಯುವವರಲ್ಲಿ ನಮ್ಮವ್ವನೇ ಮುಂದೆ, ಸ್ವಂತ ತಮ್ಮನಿಗೆ! ಅತ್ತ ಗಂಡಸರು ಒನ್ಸ್ ಮೋರ್ ಕೂಗುವುದು, ಮೈಕಿನಲ್ಲಿ ಯಾರದೋ ಹೆಸರಿನ ಆಯೇರಿ, ಅಂದರೆ ಉಡುಗೊರೆ, ಕೂಗುವುದು, ಮಾವನ ಎದೆಗೆ ನೋಟು ಪಿನ್ನು ಚುಚ್ಚುವುದು, ಇದೆಲ್ಲ ಮುಗಿಯುವವರೆಗೆ ಹಸ್ತಿನಾಪುರ ಕಾಯಬೇಕು.

ಲೈಸಿಯಂನಲ್ಲಿ ಆ ಸಿಂಹಕ್ಕೆ ಯಾರೂ ಬೈಯಲಿಲ್ಲ. ಎಲ್ಲರೂ ತಣ್ಣಗೆ ಕೂತು ಹಾಡು ಮುಗಿದಾಗ ಚಪ್ಪಾಳೆ ತಟ್ಟಿದರು. ನನ್ನ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ನಿನಗೆ ಕೂಗಾಡುವ ಆಟ ಬೇಕಾದರೆ ಕ್ರಿಸ್‌ಮಸ್ ಹೊತ್ತಿನಲ್ಲಿ ಪ್ಯಾಂಟೊಮೈಮ್ ಅಂತ ಆಡುತ್ತಾರೆ, ಅದಕ್ಕೆ ಹೋಗು. ಅಲ್ಲಿ ಕೇಡಿಗ ಬಂದರೆ ಇಡೀ ಥಿಯೇಟರ್ ಅರಚಲೇಬೇಕು, ಅದೇ ಪದ್ಧತಿ. ನನ್ನ ಕೇಳಿದರೆ ನಮ್ಮೂರ ನಾಟಕಕ್ಕೆ ಅದೇ ಜಾಸ್ತಿ ಹತ್ತಿರ.

ಬೇಜಾರಾಗುತ್ತಾ ಅಂತ ಕೇಳಿದ್ದೀಯ. ಆಗುತ್ತದೆ, ಆದರೆ ನೀನು ಅಂದುಕೊಂಡ ದಿನ ಅಲ್ಲ. ಇಲ್ಲಿ ರಜೆ ಇಲ್ಲ ಅಂತಲ್ಲ, ಪೂರ್ತಿ ಕೆಲಸದವರಿಗೆ ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 28 ದಿನ ಸಂಬಳದ ರಜೆ, ಬ್ಯಾಂಕ್ ಹಾಲಿಡೇಗಳನ್ನೂ ಅದರಲ್ಲೇ ಹಿಡಿಯಬಹುದು. ತೊಂದರೆ ಏನೆಂದರೆ ನಾನು ಕೆಲಸ ಮಾಡುವ ಕಡೆ ಅದನ್ನು ತಿಂಗಳುಗಟ್ಟಲೆ ಮುಂಚೆ ಕೇಳಬೇಕು. ನಮ್ಮೂರಲ್ಲಿ ನಾಟಕದ ತಾರೀಖು ಗೊತ್ತಾಗುವುದು ಯಾವಾಗ? ಬೆಳೆ ದುಡ್ಡು ಬಂದು, ಹಿರಿಯರು ಕೂತು, ಸೀನರಿಯವನು ಒಪ್ಪಿದ ಮೇಲೆ. ಉಗಾದಿಯೂ ಒಂದೇ ದಿನ ಬರುವುದಿಲ್ಲವಲ್ಲ. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ನನ್ನ ಕೆಲಸದಲ್ಲಿ ರಜೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್, ಹಾಗಾಗಿ ಒಮ್ಮೆ ಒಂದೇ ವರ್ಷದ ರಜೆಯಲ್ಲಿ ಎರಡು ಉಗಾದಿ ಬಂದು ಕೂತವು.

ಮಾವ ಕೊನೇ ಸಲ ಶಕುನಿ ಆಡಿದಾಗ ನಾನು ರಜೆ ಕೇಳಿದೆ. ಆ ವಾರ ಆಗಲೇ ಇಬ್ಬರು ಹೋಗುತ್ತಿದ್ದಾರೆ, ಆಗಲ್ಲ ಅಂದರು. ಊರಲ್ಲಿ ರಾತ್ರಿ ಹತ್ತಾದರೆ ಏಪ್ರಿಲ್‌ನಲ್ಲಿ ಇಲ್ಲಿ ಸಂಜೆ ಐದೂವರೆ. ಚಿಕ್ಕಮ್ಮನ ಮಗ ವಿಡಿಯೋ ಕಾಲ್ ಮಾಡಿದ, ನಾನು ಬಸ್ಸಿನಲ್ಲಿ ನಿಂತಿದ್ದೆ. ಹಾರ್ಮೋನಿಯಂ ಕೇಳಿಸಿತು, ಮಾವ ದಾಳ ಎತ್ತಿದ್ದು ಕಂಡಿತು, ಅಷ್ಟಕ್ಕೇ ಚಿತ್ರ ಸಿಕ್ಕಿಕೊಂಡಿತು. ಮರುವರ್ಷ ಮೊಣಕಾಲು ನೋವು, ಅವನು ಬಣ್ಣ ಹಚ್ಚಲಿಲ್ಲ. ಅದರಾಚೆ ವರ್ಷ ಅವನೇ ಇರಲಿಲ್ಲ. ಆ ನಗು ನಮ್ಮ ಯಾರ ಫೋನಿನಲ್ಲೂ ಪೂರ್ತಿ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಡಿಸೆಂಬರ್‌ನಲ್ಲಿ ಎಲ್ಲರೂ ಹೋಗುತ್ತಾರೆ ಅಂತ ಇದ್ದ ರಜೆಯೆಲ್ಲ ಅಲ್ಲೇ ಸುರಿಯಬೇಡ, ಆಗ ವಿಮಾನದ ಟಿಕೆಟ್ಟೂ ದುಬಾರಿ. ಒಂದೆರಡು ವಾರ ಊರ ನಾಟಕ, ಜಾತ್ರೆ ಕಾಲಕ್ಕೆ ತೆಗೆದಿಡು. ತಾರೀಖು ಗೊತ್ತಾಗದಿದ್ದರೂ ಉಗಾದಿ ನೋಡಿಕೊಂಡು ಅಂದಾಜಿನ ಮೇಲೆ ಮೊದಲೇ ಬರೆದುಹಾಕು. ನಿಮ್ಮಪ್ಪ ಭಜನೆಯಲ್ಲಿ ತಾಳ ಹಾಕುತ್ತಾರೆ ಅಂದೆಯಲ್ಲ, ಹೊರಡುವ ಮುಂಚೆ ಒಂದು ರಾತ್ರಿ ಪೂರ್ತಿ ರೆಕಾರ್ಡ್ ಮಾಡಿಕೋ. ಬೈದರೂ ಬಿಡಬೇಡ.

ಬಂದಮೇಲೆ ಒಂದು ಭಾನುವಾರ ಥೇಮ್ಸ್ ದಂಡೆಗೆ ಹೋಗೋಣ. ಲ್ಯಾಂಬೆತ್‌ನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆ, 2015ರಲ್ಲಿ ಅನಾವರಣ ಆದದ್ದು. ಮ್ಯೂಸಿಕಲ್ ಟಿಕೆಟ್ಟು ಲೆಸ್ಟರ್ ಸ್ಕ್ವೇರ್‌ನ ಟಿಕೆಟಿಎಸ್ (TKTS) ಅನ್ನುವ ಟಿಕೆಟ್ ಬೂತ್‌ನಲ್ಲಿ ವಿಚಾರಿಸು, ರಿಯಾಯಿತಿ ಸಿಗುತ್ತದೆ, ವಾರದ ನಡುವೆ ಹೋಗು. ಕಂಬ ಅಡ್ಡ ಬರುವ ಸೀಟಾ ಅಂತ ಕೇಳಿಯೇ ದುಡ್ಡು ಕೊಡು. ಸೂಟ್‌ಕೇಸ್‌ನಲ್ಲಿ ತುಪ್ಪ, ಪೇಡ ಹಾಕಬೇಡ, ಹಾಲಿನ ಪದಾರ್ಥ ಒಳಗೆ ಬಿಡುವುದಿಲ್ಲ. ಶೇಂಗಾ ಹಿಂಡಿ, ಗುರೆಳ್ಳು ಪುಡಿ ಎಷ್ಟಾದರೂ ತಾ, ಅದರಲ್ಲಿ ಅರ್ಧ ನನಗೆ.