ಪಾರ್ಕಿನಲ್ಲಿ ಮೀಟಿಂಗ್ ಮಾಡಿದರೆ ನಿಜಕ್ಕೂ ಉಪಯೋಗ ಇದೆಯಾ?

"ಬೆಂಗಳೂರಿನಲ್ಲಿ ಎಂಟು ಜನರ ತಂಡ ನಮ್ಮದು. ವಾರಕ್ಕೊಂದು ಮೀಟಿಂಗ್ ಪಾರ್ಕಿನಲ್ಲಿ ಮಾಡೋಣ, ಹೊಸ ಯೋಚನೆ ಬರುತ್ತೆ, ಮನಸ್ಸಿಗೂ ಒಳ್ಳೇದು ಅಂತಾರೆ ಮ್ಯಾನೇಜರ್. ಇದು ನಿಜವಾ, ಬರೀ ತೋರಿಕೆಯಾ?" ಎಂದು ಕೇಳಿದ್ದೀರಿ.

ನಿಜ. ಆದರೆ ಆಫೀಸಿನ ಮೀಟಿಂಗನ್ನೇ ಹೊತ್ತುಕೊಂಡು ಹೋಗಿ ಮರದ ಕೆಳಗೆ ಕೂರಿಸಿದರೆ ಏನೂ ಆಗುವುದಿಲ್ಲ. ಮೊದಲ ಮೂರು ತಿಂಗಳು ನಾವು ಮಾಡಿದ್ದು ಅದನ್ನೇ.

ಮಕ್ಕಳ ಕಲಿಕೆಯ ಪುಸ್ತಕ ಮಾಡುವ ಏಳು ಜನರ ತಂಡ ನಮ್ಮದು. ಆಫೀಸಿನಿಂದ ಕಬ್ಬನ್ ಪಾರ್ಕಿಗೆ ಹತ್ತು ನಿಮಿಷದ ನಡಿಗೆ. ಮಂಗಳವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹೊತ್ತು ಹೋಗಿ, ಬಿದಿರುಮೆಳೆಯ ಹತ್ತಿರ ದುಂಡಗೆ ಕೂತು, ಒಬ್ಬರಾದ ಮೇಲೊಬ್ಬರು ವಾರದ ವರದಿ ಒಪ್ಪಿಸುತ್ತಿದ್ದೆವು. ಬೆಳಕಿಗೆ ಸ್ಕ್ರೀನ್ ಕಾಣುತ್ತಿರಲಿಲ್ಲ, ಇರುವೆ ಕಾಟ ಬೇರೆ. ಆಫೀಸಿನಲ್ಲಿ ಯಾರು ಮಾತಾಡುತ್ತಿದ್ದರೋ ಇಲ್ಲೂ ಅವರೇ ಮಾತಾಡಿದರು, ಸುಮ್ಮನಿರುತ್ತಿದ್ದವರು ಸುಮ್ಮನೇ ಇದ್ದರು.

ದಾರಿ ತೋರಿಸಿದ್ದು 2014ರಲ್ಲಿ ಬಂದ ಒಂದು ಅಧ್ಯಯನ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೆರಿಲಿ ಒಪೆಝೊ ಮತ್ತು ಡೇನಿಯಲ್ ಶ್ವಾರ್ಟ್ಜ್ 176 ಜನರ ಮೇಲೆ ಮಾಡಿದ್ದು. ಒಂದು ಮಾಮೂಲಿ ವಸ್ತುವನ್ನು ಇನ್ನೂ ಏನೇನಕ್ಕೆ ಬಳಸಬಹುದು ಎಂಬಂಥ ಪ್ರಶ್ನೆ ಕೊಟ್ಟಾಗ, ಕೂತಾಗಿಗಿಂತ ನಡೆಯುವಾಗ ಸರಾಸರಿ ಶೇ. 60ರಷ್ಟು ಹೆಚ್ಚು ಹೊಸ ಯೋಚನೆಗಳು ಬಂದವು. ಒಳಗೆ ಟ್ರೆಡ್‌ಮಿಲ್ ಮೇಲೆ ನಡೆದವರಿಗೂ ಲಾಭ ಆಗಿತ್ತು. ಹೊರಗೆ ಕರೆದೊಯ್ದಾಗಲೂ ಕೆಲವರನ್ನು ನಡೆಸಿ, ಕೆಲವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋಗಿದ್ದರು. ಎಲ್ಲರಿಗಿಂತ ಒಳ್ಳೆಯ ಉತ್ತರ ಬಂದದ್ದು ಹೊರಗೆ ನಡೆದವರಿಂದ. ಅಂದರೆ ಹೆಚ್ಚಿನ ಕೆಲಸ ಮಾಡಿದ್ದು ಕಾಲು. ಇನ್ನೊಂದು ಮಾತನ್ನೂ ನಿಮ್ಮ ಮ್ಯಾನೇಜರ್‌ಗೆ ತಪ್ಪದೆ ಹೇಳಿ: ಒಂದೇ ಸರಿಯುತ್ತರ ಇರುವ ಪ್ರಶ್ನೆಗಳಲ್ಲಿ ನಡೆಯುತ್ತಿದ್ದವರು ಸ್ವಲ್ಪ ಹಿಂದೆಯೇ ಬಿದ್ದರು. ಬಜೆಟ್, ದಿನಾಂಕ, ಯಾರ ಪಾಲಿಗೆ ಯಾವ ಕೆಲಸ ಎಂಬುದೆಲ್ಲ ಟೇಬಲ್ ಮುಂದೆಯೇ ಆಗಲಿ.

ಇದನ್ನು ಓದಿದ ಮೇಲೆ ದುಂಡಗೆ ಕೂರುವುದನ್ನು ಬಿಟ್ಟೆವು. ಈಗ ಇಬ್ಬರು, ಹೆಚ್ಚೆಂದರೆ ಮೂವರ ಗುಂಪಾಗಿ ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ನಲವತ್ತು ನಿಮಿಷ ನಡೆಯುತ್ತೇವೆ. ಲ್ಯಾಪ್‌ಟಾಪ್ ಇಲ್ಲ, ಫೋನ್ ಬ್ಯಾಗಿನೊಳಗೆ. ಆಮೇಲೆ ಒಂದು ಕಡೆ ಕೂತು ಪ್ರತಿಯೊಬ್ಬರೂ ಐದು ನಿಮಿಷ ಮಾತಿಲ್ಲದೆ ಬರೆಯುತ್ತೇವೆ. ನಡೆದು ಬಂದು ಕೂತ ಮೇಲೂ ಸ್ವಲ್ಪ ಹೊತ್ತು ಆ ಚುರುಕು ಉಳಿದಿರುತ್ತದೆ ಎಂದು ಅದೇ ಅಧ್ಯಯನದಲ್ಲಿ ಕಂಡಿದೆ. ತೀರ್ಮಾನ ಮಾತ್ರ ಆಫೀಸಿಗೆ ವಾಪಸ್ ಬಂದ ಮೇಲೆ.

ಹೀಗೆ ಶುರು ಮಾಡಿದ ಎರಡನೇ ವಾರ ನಡೆದದ್ದನ್ನು ನಾನು ಮರೆಯುವಂತಿಲ್ಲ. ನೀರಿನ ಬಗ್ಗೆ ನಾಲ್ಕನೇ ತರಗತಿಗೆ ಒಂದು ಪುಸ್ತಕ ಮಾಡುತ್ತಿದ್ದೆವು, ತಿಂಗಳಿಂದ ಕೆಲಸ ನಿಂತುಹೋಗಿತ್ತು. ನನ್ನ ಜೊತೆ ನಡೆಯುತ್ತಿದ್ದ ಹುಡುಗಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಕೇಳಿದ್ದಕ್ಕೆ ಬಿಟ್ಟರೆ ಮೀಟಿಂಗಿನಲ್ಲಿ ಬಾಯಿ ಬಿಟ್ಟವಳಲ್ಲ. ಕೇಂದ್ರ ಗ್ರಂಥಾಲಯದ ಕೆಂಪು ಕಟ್ಟಡ ದಾಟುವಾಗ, ನನ್ನ ಕಡೆ ನೋಡದೆಯೇ, "ಸರ್, ನಾವು ಮೋಡದಿಂದ ಶುರು ಮಾಡ್ತಿದ್ದೀವಿ. ನಮ್ಮನೇಲಿ ನೀರು ಅಂದ್ರೆ ಟ್ಯಾಂಕರ್ ಬರೋ ಹೊತ್ತು. ಅಲ್ಲಿಂದ ಶುರು ಮಾಡಿದ್ರೆ?" ಅಂದಳು. ಇಡೀ ಪುಸ್ತಕ ಆ ಮಾತಿನ ಮೇಲೆ ನಿಂತಿತು. ಅದನ್ನು ಯಾವತ್ತಿನಿಂದ ಯೋಚಿಸುತ್ತಿದ್ದೆ ಎಂದು ಕೇಳಿದೆ. "ಮೊದಲನೇ ದಿನದಿಂದ" ಅಂದಳು.

ನಮ್ಮದು ತಿಪಟೂರು ಕಡೆ. ನಮ್ಮಪ್ಪ ಮುಖ್ಯವಾದ ಯಾವ ವಿಷಯವನ್ನೂ ಮನೆಯೊಳಗೆ ಎತ್ತುತ್ತಿರಲಿಲ್ಲ. "ಬಾ, ತೋಟಕ್ಕೆ ಹೋಗಿ ಬರನ" ಅನ್ನೋರು. ಬದುವಿನ ಮೇಲೆ ನಡೆಯುವಾಗ ಮುಖ ನೋಡಿ ಉತ್ತರ ಕೊಡುವ ಕಷ್ಟ ಇರುತ್ತಿರಲಿಲ್ಲ, ಹೇಳಬೇಕಾದ್ದು ತಾನಾಗಿ ಬಾಯಿಗೆ ಬರುತ್ತಿತ್ತು. ಅವರು ಹಾಗೇಕೆ ಮಾಡುತ್ತಿದ್ದರು ಎಂಬುದು ಆ ಮಂಗಳವಾರ ನನಗೆ ಅರ್ಥವಾಯಿತು.

ಇನ್ನು ಮನಸ್ಸಿನ ಮಾತು. ಮಿಷಿಗನ್ ವಿಶ್ವವಿದ್ಯಾಲಯದ ಮಾರ್ಕ್ ಬರ್ಮನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಿಡಮರಗಳ ನಡುವೆ ಸುಮಾರು ಒಂದು ಗಂಟೆ ನಡೆದು ಬಂದವರು ಕೇಳಿದ ಅಂಕಿಗಳನ್ನು ನೆನಪಿಟ್ಟು ಕೊನೆಯಿಂದ ಮೊದಲಿಗೆ ಹೇಳುವ ಪರೀಕ್ಷೆಯಲ್ಲಿ ಮೊದಲಿಗಿಂತ ಚೆನ್ನಾಗಿ ಮಾಡಿದರು. ಪೇಟೆಯ ರಸ್ತೆಯಲ್ಲಿ ನಡೆದಾಗ ಅಷ್ಟು ಲಾಭ ಕಾಣಲಿಲ್ಲ. ಕೊರೆಯುವ ಚಳಿಯಲ್ಲಿ ನಡೆದು ಖುಷಿಪಡದವರಿಗೂ ಲಾಭವಾಗಿತ್ತು ಎಂಬುದು ನನಗೆ ಬಹಳ ಹಿಡಿಸಿತು. ರಸ್ತೆಯಲ್ಲಿ ಹಾರ್ನು, ಬೈಕು, ಗುಂಡಿ ಎಂದು ಪ್ರತಿ ಹೆಜ್ಜೆಗೂ ಗಮನ ಕೊಡಬೇಕು. ಎಲೆ ಅಲುಗುವುದನ್ನು ನೋಡಲು ಯಾವ ಶ್ರಮವೂ ಬೇಡ. ಗಮನಕ್ಕೆ ದಣಿವಾರಿಸಿಕೊಳ್ಳಲು ಅಷ್ಟು ಬಿಡುವು ಸಿಕ್ಕರೆ ಸಾಕು. ಮುಚ್ಚಿದ ಎಸಿ ಕೋಣೆಯಲ್ಲಿ ಎಂಟು ಜನ ಗಂಟೆಗಟ್ಟಲೆ ಉಸಿರಾಡಿದಾಗ ಕಾರ್ಬನ್ ಡೈಆಕ್ಸೈಡ್ ಹೊರಗಿನ ಗಾಳಿಯ ಎರಡು ಮೂರು ಪಟ್ಟು ಏರುವುದು ಸಾಮಾನ್ಯ. ಆ ತೂಕಡಿಕೆಯಾದರೂ ಹೊರಗೆ ಇರುವುದಿಲ್ಲ.

ಕಾಡಿನಲ್ಲಿದ್ದರೆ ಸೃಜನಶೀಲತೆ ಶೇ. 50 ಹೆಚ್ಚುತ್ತದೆ ಎಂಬ ಮಾತನ್ನೂ ನೀವು ಕೇಳಿರಬಹುದು. 2012ರ ಆ ಅಧ್ಯಯನದಲ್ಲಿ ಇದ್ದವರು ಫೋನು, ಕಂಪ್ಯೂಟರ್ ಇಲ್ಲದೆ ನಾಲ್ಕು ದಿನ ಚಾರಣ ಮಾಡುತ್ತಿದ್ದವರು. ಒಂದು ಗಂಟೆಯ ಪಾರ್ಕಿನಿಂದ ಅಷ್ಟನ್ನು ನಿರೀಕ್ಷಿಸಬೇಡಿ.

ಪಾರ್ಕಿಗೆ ಹೋಗಲು ಮುಕ್ಕಾಲು ಗಂಟೆ ಟ್ರಾಫಿಕ್ಕಿನಲ್ಲಿ ಕೂರಬೇಕಾದರೆ ಬೇಡವೇ ಬೇಡ. ಆಫೀಸಿನ ಹಿಂದಿನ ಬೀದಿಯಲ್ಲಿ ಸಾಲಾಗಿ ನಾಲ್ಕು ಹೊಂಗೆ ಮರ ಇದ್ದರೆ ಅದೇ ಸಾಕು. ಕಬ್ಬನ್ ಪಾರ್ಕ್, ಲಾಲ್‌ಬಾಗ್ ಎರಡೂ ತೋಟಗಾರಿಕೆ ಇಲಾಖೆಯವು. ಇಬ್ಬರು ಮೂವರು ನಡೆಯುವುದು ಬೇರೆ, ಬ್ಯಾನರ್ ಕಟ್ಟಿ ಕಾರ್ಯಕ್ರಮದಂತೆ ಮಾಡುವುದು ಬೇರೆ. ಎರಡನೆಯದಕ್ಕೆ ಮೊದಲೇ ಅನುಮತಿ ಕೇಳಿ. ಏಪ್ರಿಲ್, ಮೇ ತಿಂಗಳಲ್ಲಿ ಒಂಬತ್ತು ಗಂಟೆಯೊಳಗೆ ಮುಗಿಸಿ. ಶೌಚಾಲಯ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ, ಹೆಣ್ಣುಮಕ್ಕಳು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಗ್ರಾಹಕರ ಹೆಸರು, ಸಂಬಳದ ವಿಷಯ ಬೆಂಚಿನ ಮೇಲೆ ಬೇಡ.

ಯಾರನ್ನೂ ಬಲವಂತ ಮಾಡಬೇಡಿ ಎಂದೂ ಕೇಳಿಕೊಳ್ಳುತ್ತೇನೆ. ನಮ್ಮಲ್ಲಿ ಒಬ್ಬರಿಗೆ ಮಂಡಿ ನೋವು. ಮೊದಮೊದಲು ಅವರನ್ನು ಆಫೀಸಿನಲ್ಲೇ ಬಿಟ್ಟು ಹೋಗುತ್ತಿದ್ದೆವು. ಅದು ತಪ್ಪು ಎಂದು ತಿಳಿಯಲು ತಡವಾಯಿತು. ಈಗ ಅವರು ಆಟೋದಲ್ಲಿ ಬಂದು ಗೇಟಿನ ಹತ್ತಿರದ ಕಲ್ಲುಬೆಂಚಿನಲ್ಲಿ ಕೂತಿರುತ್ತಾರೆ. ಪ್ರತಿ ಜೋಡಿ ಒಂದು ಸುತ್ತು ಮುಗಿಸಿ ಅವರ ಹತ್ತಿರ ನಿಂತು, ಏನು ಹೊಳೆಯಿತು ಎಂದು ಹೇಳಿ ಮುಂದೆ ಹೋಗುತ್ತದೆ. ಏಳೂ ಜನರ ಯೋಚನೆ ಪೂರ್ತಿ ಗೊತ್ತಿರುವುದು ಈಗ ಅವರಿಗೊಬ್ಬರಿಗೇ. ಆಫೀಸಿಗೆ ಬಂದ ಮೇಲೆ ಮೀಟಿಂಗ್ ಶುರು ಮಾಡುವವರೂ ಅವರೇ.