25 ವಾಟಿನಲ್ಲಿ ಚಂಡೆ ಕೇಳಬಹುದೇ?

ಪ್ರಶ್ನೆ: ಕಾರವಾರದಲ್ಲಿ ಸಮುದ್ರಕ್ಕೆ ಹತ್ತಿರ ನಮ್ಮ ಮನೆ. ಒಂದು ಒಳ್ಳೆಯ ಪವರ್ ಆಂಪ್ಲಿಫೈಯರ್ ಕೊಳ್ಳಬೇಕು ಅಂತ ಬಹಳ ವರ್ಷದ ಆಸೆ. ಬೆಂಗಳೂರಿನ ಅಂಗಡಿಯಲ್ಲಿ ಎರಡನ್ನು ಕೇಳಿ ಬಂದೆ. ಒಂದು 25 ವಾಟಿನ ಕ್ಲಾಸ್ ಎ, ಇನ್ನೊಂದು 200 ವಾಟಿನ ಕ್ಲಾಸ್ ಡಿ. ಬೆಲೆ ಹೆಚ್ಚುಕಡಿಮೆ ಒಂದೇ. ಕ್ಲಾಸ್ ಎ ಬಹಳ ಇಂಪಾಗಿ ಕೇಳಿಸಿತು. ನನ್ನ ಸ್ಪೀಕರ್ 8 ಓಮ್, ಸೆನ್ಸಿಟಿವಿಟಿ 86 ಡಿಬಿ. ನಾನು ಕೇಳುವುದು ಹಿಂದೂಸ್ತಾನಿ ಗಾಯನ ಮತ್ತು ಯಕ್ಷಗಾನದ ರೆಕಾರ್ಡಿಂಗ್. ಯಾವುದನ್ನು ತೆಗೆದುಕೊಳ್ಳಲಿ?
— ನಿವೃತ್ತ ನೌಕರರು, ಕಾರವಾರ

ಉತ್ತರ: ಮೊದಲು ಒಂದು ವಿಷಯ ಕೇಳುತ್ತೇನೆ. ಅಂಗಡಿಯಲ್ಲಿ ಎರಡರ ಶಬ್ದವನ್ನೂ ಅಳೆದು ಸಮ ಮಾಡಿದ್ದರೇ? ಮಾಡಿಲ್ಲದಿದ್ದರೆ ಆ ಹೋಲಿಕೆಯನ್ನು ಪೂರ್ತಿ ಮರೆತುಬಿಡಿ. ಒಂದೊಂದು ಆಂಪ್‌ನ ಗೇನ್, ಅಂದರೆ ಬಂದ ಧ್ವನಿಯನ್ನು ಹಿಗ್ಗಿಸುವ ಪ್ರಮಾಣ, ಒಂದೊಂದು ತರ. ವಾಲ್ಯೂಮ್ ಗುಂಡಿ ಅದೇ ಜಾಗದಲ್ಲಿದ್ದರೂ ಒಂದು ಆಂಪ್ ಅರ್ಧ ಡಿಬಿ (ಡೆಸಿಬೆಲ್, ಶಬ್ದದ ಮಟ್ಟದ ಅಳತೆ) ಜಾಸ್ತಿ ಕೊಡುತ್ತಿರಬಹುದು. ಅಷ್ಟು ಸಣ್ಣ ವ್ಯತ್ಯಾಸ ಕಿವಿಗೆ ಜೋರು ಅಂತ ಗೊತ್ತಾಗುವುದೇ ಇಲ್ಲ. ಧ್ವನಿ ತುಂಬಿಕೊಂಡಿದೆ, ಇಂಪಾಗಿದೆ ಅಂತ ಅನ್ನಿಸುತ್ತದೆ.

ಸಮ ಮಾಡುವುದು ಕಷ್ಟವಲ್ಲ. 400 ಹರ್ಟ್ಜ್‌ನ ಒಂದು ಟೋನ್ ಸಣ್ಣಗೆ ನುಡಿಸಿ, ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಸ್ಪೀಕರಿನ ಟರ್ಮಿನಲ್‌ನಲ್ಲಿ ಅಳೆಯಿರಿ. ಒಂದರಲ್ಲಿ 1 ವೋಲ್ಟ್ ಬಂದರೆ ಇನ್ನೊಂದನ್ನೂ 0.99ರಿಂದ 1.01ರ ಒಳಗೆ ತನ್ನಿ. ಆಗ ವ್ಯತ್ಯಾಸ 0.1 ಡಿಬಿ ದಾಟುವುದಿಲ್ಲ. ಅಗ್ಗದ ಮೀಟರುಗಳು 50 ಹರ್ಟ್ಜ್ ಕರೆಂಟಿಗಾಗಿ ಮಾಡಿದವು, ಜಾಸ್ತಿ ಫ್ರೀಕ್ವೆನ್ಸಿಯಲ್ಲಿ ತಪ್ಪು ತೋರಿಸುತ್ತವೆ. ಅದಕ್ಕೇ 400 ಹರ್ಟ್ಜ್ ಅಂದೆ. ಆಮೇಲೆ ಯಾವುದು ಯಾವುದೆಂದು ನಿಮಗೆ ಹೇಳದೆ ಬೇರೆಯವರು ಬದಲಾಯಿಸಲಿ, ನೀವು ಕೇಳಿ. ಇಷ್ಟು ಬೆಲೆಯ ಸಾಮಾನು ಮಾರುವವರು ಇದನ್ನು ಮಾಡಿ ತೋರಿಸಲೇಬೇಕು. ಸಂಕೋಚ ಬೇಡ, ಕೇಳಿ ಮಾಡಿಸಿಕೊಳ್ಳಿ.

ಇನ್ನು ವಾಟ್ ವಿಷಯ. ಶಿರಸಿಯ ನನ್ನ ಕೆಲಸದ ಕೋಣೆಗೆ ಯಾವ ಆಂಪ್ ಬಂದರೂ ನಾನು ಮೊದಲು ಹಾಕುವುದು ಬಯಲಾಟದಲ್ಲಿ ರಂಗಸ್ಥಳದ ಪಕ್ಕ ಎರಡು ಮೈಕ್ ಇಟ್ಟು ನಾನೇ ಮಾಡಿದ ರೆಕಾರ್ಡಿಂಗ್. ಜೋರು ಧ್ವನಿಯನ್ನು ತಗ್ಗಿಸುವ ಕಂಪ್ರೆಷನ್ ಅದಕ್ಕೆ ಹಾಕಿಲ್ಲ, ಚಂಡೆಯ ಪೆಟ್ಟು ಬಿದ್ದ ಹಾಗೇ ಇದೆ. ಭಾಗವತರ ಪದ ಒಂದು ಮಟ್ಟದಲ್ಲಿ ಹೋಗುತ್ತಿರುತ್ತದೆ. ಮದ್ದಲೆ ಅದರ ಜೊತೆಗೇ ಇರುತ್ತದೆ. ವೇಷ ಪ್ರವೇಶದ ಹೊತ್ತಿಗೆ ಚಂಡೆ ಬಿದ್ದಾಗ ಮೀಟರಿನ ಮುಳ್ಳು ಒಮ್ಮೆಗೇ ಹಾರುತ್ತದೆ. ಸರಾಸರಿ ಮಟ್ಟಕ್ಕಿಂತ 20 ಡಿಬಿ ಮೇಲೆ ಅಂತ ಇಟ್ಟುಕೊಳ್ಳಿ. ಅಂದರೆ ವೋಲ್ಟೇಜ್ 10 ಪಟ್ಟು.

ಲೆಕ್ಕ ಹಾಕೋಣ. ಸೆನ್ಸಿಟಿವಿಟಿ 86 ಡಿಬಿ ಅಂದರೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಕೇಳುವ ಮಟ್ಟ, ದೂರ ಹೋದ ಹಾಗೆ ಅದು ಇಳಿಯುತ್ತದೆ. ನಿಮ್ಮ ಸ್ಪೀಕರಿಗೆ ಸರಾಸರಿ 1 ವಾಟ್ ಹೋದರೆ ಮನೆಯ ಕೋಣೆಯಲ್ಲಿ, ಎರಡೂವರೆ ಮೂರು ಮೀಟರ್ ದೂರದಲ್ಲಿ ಕೂತವರಿಗೆ 80 ಡಿಬಿ ಆಸುಪಾಸು ಕೇಳುತ್ತದೆ. ಆಟ ನೋಡಿದ ಹಾಗೆ ಕೇಳಬೇಕೆನ್ನುವವರು ಇಡುವ ಮಟ್ಟ ಅದು. 8 ಓಮ್‌ಗೆ ಸರಾಸರಿ 1 ವಾಟ್ ಅಂದರೆ ಸರಾಸರಿ (ಆರ್‌ಎಂಎಸ್) 2.83 ವೋಲ್ಟ್. ಚಂಡೆಯ ಪೆಟ್ಟಿಗೆ ಅದರ 10 ಪಟ್ಟು, ಹತ್ತಿರ ಹತ್ತಿರ 28 ವೋಲ್ಟ್ ಬೇಕು. 25 ವಾಟಿನ ಆಂಪ್ 8 ಓಮ್‌ನಲ್ಲಿ ಅಲೆಯ ತುದಿಗೆ ಏರುವುದು 20 ವೋಲ್ಟ್ ತನಕ ಮಾತ್ರ. ಮಿಕ್ಕಿದ್ದು ಕತ್ತರಿಸಿ ಹೋಗುತ್ತದೆ. ಕ್ಲಿಪ್ಪಿಂಗ್ ಅನ್ನುವುದು ಇದಕ್ಕೇ. 200 ವಾಟಿನದು 56 ವೋಲ್ಟ್‌ವರೆಗೂ ಹೋಗುತ್ತದೆ.

ಕ್ಲಿಪ್ ಆದಾಗ ಯಾವಾಗಲೂ ಕರ್ಕಶವಾಗಿಯೇ ಕೇಳಿಸುತ್ತದೆ ಅಂದುಕೊಳ್ಳಬೇಡಿ. ಪೆಟ್ಟಿನ ಮೊನೆ ಮೊಂಡಾಗುತ್ತದೆ. ಚಂಡೆ ದೂರ ಸರಿದ ಹಾಗೆ ಅನ್ನಿಸುತ್ತದೆ. ಅದೇ ಕ್ಷಣ ಭಾಗವತರ ತಾಳದ ಕಿಣಿಕಿಣಿ ಮಂಕಾಗುತ್ತದೆ, ಯಾಕೆಂದರೆ ಕತ್ತರಿಸಿದ ಅಲೆಯ ಮೇಲೆ ಅದೂ ಕೂತಿರುತ್ತದೆ. ನಾನು ಕಿವಿ ಇಡುವುದು ಚಂಡೆಗಲ್ಲ, ಈ ತಾಳಕ್ಕೆ. ಚಂಡೆಯ ಉರುಳಿಕೆಯ ಮಧ್ಯೆಯೂ ತಾಳ ಬಿಡಿಬಿಡಿಯಾಗಿ ಕೇಳಿದರೆ ಆ ಆಂಪ್‌ಗೆ ಶಕ್ತಿ ಇದೆ ಎಂದೇ ಲೆಕ್ಕ.

ಹಿಂದೂಸ್ತಾನಿ ಗಾಯನಕ್ಕೆ ಈ ತೊಂದರೆ ಇಲ್ಲ. ಹಾಡು, ತಾನ್‌ಪುರ, ತಬಲಾಕ್ಕೆ 25 ವಾಟ್ ಧಾರಾಳ ಸಾಕು. ಯಕ್ಷಗಾನವನ್ನೂ 3 ಡಿಬಿ ಕಡಿಮೆ ಇಟ್ಟು ಕೇಳುತ್ತೇನೆ ಅಂದರೆ ಲೆಕ್ಕ ಸರಿಯಾಗಿ 20 ವೋಲ್ಟಿಗೇ ಬಂದು ನಿಲ್ಲುತ್ತದೆ. ಆದರೆ ಅಷ್ಟು ಬಿಗಿಯಾಗಿ ಯಾಕೆ ಕೊಳ್ಳಬೇಕು ಅಲ್ವಾ?

ಕಾರವಾರದ ಸೆಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕ್ಲಾಸ್ ಎ ಆಂಪ್‌ನಲ್ಲಿ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಹಾಡು ಇದ್ದರೂ ಇಲ್ಲದಿದ್ದರೂ ಪೂರ್ತಿ ಕರೆಂಟ್ ಎಳೆಯುತ್ತಲೇ ಇರುತ್ತವೆ. 25 ವಾಟಿನ ಸ್ಟೀರಿಯೊ ಆಂಪ್ ಸುಮ್ನೆ ಕೂತಿದ್ದರೂ 150ರಿಂದ 200 ವಾಟ್ ಶಾಖ ಬಿಡುತ್ತದೆ. ದಿನಕ್ಕೆ 4 ತಾಸು ಹಾಕಿದರೆ ತಿಂಗಳಿಗೆ 24 ಯೂನಿಟ್ ತನಕ ಆಯಿತು. ಬಿಲ್ಲಿಗಿಂತ ನನಗೆ ಚಿಂತೆ ಒಳಗಿನ ಕೆಪ್ಯಾಸಿಟರುಗಳದ್ದು. ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರಿನ ಬಿಸಿ 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧವಾಗುತ್ತದೆ. ಮೇ ತಿಂಗಳಲ್ಲಿ, ಎಸಿ ಇಲ್ಲದ ಕೋಣೆಯಲ್ಲಿ, ಪುಸ್ತಕದ ಕಪಾಟಿನೊಳಗೆ ಇಟ್ಟರೆ ಏನಾಗಬಹುದು ಯೋಚಿಸಿ. ಮಳೆಗಾಲದಲ್ಲಿ ಮಾತ್ರ ಆ ಬಿಸಿ ಉಪಕಾರವೇ, ಪೆಟ್ಟಿಗೆಯೊಳಗೆ ಥಂಡಿ ನಿಲ್ಲುವುದಿಲ್ಲ.

ಕ್ಲಾಸ್ ಡಿಯಲ್ಲಿ ಟ್ರಾನ್ಸಿಸ್ಟರುಗಳು ಸ್ವಿಚ್ಚಿನ ಹಾಗೆ ಆನ್ ಆಫ್ ಆಗುತ್ತವೆ, ಹಾಗಾಗಿ ಅದು ತಣ್ಣಗಿರುತ್ತದೆ, ಹಗುರ. ಹಳೆಯ ವಿನ್ಯಾಸಗಳಲ್ಲಿ ಕೊನೆಯ ಕಾಯಿಲ್–ಕೆಪ್ಯಾಸಿಟರ್ ಫಿಲ್ಟರಿಗೂ ಮೊದಲೇ ಫೀಡ್‌ಬ್ಯಾಕ್ (ಔಟ್‌ಪುಟ್ಟನ್ನು ಇನ್‌ಪುಟ್ ಜೊತೆ ಹೋಲಿಸಿ ತಪ್ಪು ತಿದ್ದುವ ದಾರಿ) ತೆಗೆಯುತ್ತಿದ್ದರು. ಹಾಗಾಗಿ ಸ್ಪೀಕರ್ ಬದಲಾದರೆ ತಾರಕದ ಧ್ವನಿಯೂ ಬದಲಾಗುತ್ತಿತ್ತು. ಇಂಜಿನಿಯರ್ ಬ್ರೂನೊ ಪುಟ್ಜೆಸ್ ಅವರು ಫಿಲಿಪ್ಸ್‌ನಲ್ಲಿದ್ದಾಗ ಮಾಡಿದ ಯುಸಿಡಿ, ಆಮೇಲೆ ಹೈಪೆಕ್ಸ್ ಕಂಪನಿಯಲ್ಲಿ ಮಾಡಿದ ಎನ್‌ಕೋರ್ ಎಂಬ ಕ್ಲಾಸ್ ಡಿ ವಿನ್ಯಾಸಗಳಲ್ಲಿ ಫಿಲ್ಟರನ್ನೂ ಸೇರಿಸಿಯೇ ಫೀಡ್‌ಬ್ಯಾಕ್ ಇದೆ. ಅಂಥದ್ದಾದರೆ ಧ್ವನಿಯ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ರಿಪೇರಿಯದ್ದು. ಸಾಸಿವೆ ಗಾತ್ರದ ಬಿಡಿಭಾಗಗಳ ಬೋರ್ಡು ಅದು. ಕೆಟ್ಟರೆ ನಮ್ಮ ಜಿಲ್ಲೆಯಲ್ಲಿ ಬೆಸುಗೆ ಹಾಕಿ ಸರಿ ಮಾಡುವುದು ಕಷ್ಟ, ಇಡೀ ಬೋರ್ಡೇ ಬದಲಾಗಬೇಕು. ಬದಲಿ ಬೋರ್ಡ್ ಎಷ್ಟು ವರ್ಷ ಸಿಗುತ್ತದೆ ಅಂತ ಬರಹದಲ್ಲಿ ಕೇಳಿ ತೆಗೆದುಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ ಎರಡನ್ನೂ ಬಿಟ್ಟು ಕ್ಲಾಸ್ ಎಬಿ (ಸುಮ್ನೆ ಕೂತಿದ್ದಾಗ ಕ್ಲಾಸ್ ಎಗಿಂತ ಬಹಳ ಕಡಿಮೆ ಕರೆಂಟ್ ಎಳೆಯುವ ಬಗೆ) ಕಡೆ ನೋಡಿ. 8 ಓಮ್‌ಗೆ 80ರಿಂದ 100 ವಾಟ್, 4 ಓಮ್‌ಗೆ ಅದರ ಹೆಚ್ಚುಕಡಿಮೆ ಇಮ್ಮಡಿ ಕೊಡುವಂಥದ್ದು. ಇಮ್ಮಡಿ ಕೊಡುತ್ತದೆ ಅಂದರೆ ಟ್ರಾನ್ಸ್‌ಫಾರ್ಮರ್ ಗಟ್ಟಿಯಿದೆ ಎಂದರ್ಥ. ಹೀಟ್‌ಸಿಂಕ್ ದೊಡ್ಡದಿರಲಿ, ಟ್ರಾನ್ಸಿಸ್ಟರುಗಳು ಸ್ಕ್ರೂ ಬಿಚ್ಚಿದರೆ ಕೈಗೆ ಬರುವಂತಿರಲಿ. ಇಲ್ಲ, ಎರಡರಲ್ಲೇ ಒಂದು ಆರಿಸಿ ಅಂದರೆ ನಿಮ್ಮ ಯಕ್ಷಗಾನಕ್ಕಾಗಿ ಕ್ಲಾಸ್ ಡಿ.

ಪ್ರಶ್ನೆ: ನಮ್ಮ ಆಂಪ್‌ನಲ್ಲಿ ಎಡಗಡೆ ಧ್ವನಿ ಸಣ್ಣದಾಗುತ್ತದೆ, ಗರಗರ ಅನ್ನುತ್ತದೆ. ವಾಲ್ಯೂಮ್ ಒಮ್ಮೆ ಜೋರು ಮಾಡಿದರೆ ಸರಿಯಾಗುತ್ತದೆ. ಸಮುದ್ರದ ಗಾಳಿಯಿಂದ ಹೀಗಾಗುತ್ತದೆಯೇ? ಹೊಸತು ಕೊಳ್ಳುವಾಗ ಏನು ನೋಡಬೇಕು?
— ಶಿಕ್ಷಕಿ, ಕುಮಟಾ

ಉತ್ತರ: ಅಕ್ಕೋರೇ, ಲಕ್ಷಣ ನೋಡಿದರೆ ಸ್ಪೀಕರ್ ರಿಲೇಯ, ಅಂದರೆ ಸ್ಪೀಕರನ್ನು ಆಂಪ್‌ಗೆ ಜೋಡಿಸುವ ಒಳಗಿನ ಸ್ವಿಚ್ಚಿನ, ಕಾಂಟ್ಯಾಕ್ಟ್ ಇರಬೇಕು. ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಟಕ್ ಅನ್ನುತ್ತದಲ್ಲ, ಅದೇ. ಕಾಂಟ್ಯಾಕ್ಟ್ ಮೇಲೆ ತೆಳುವಾದ ಪೊರೆ ಕಟ್ಟಿದರೆ ಸಣ್ಣ ಧ್ವನಿ ದಾಟುವುದಿಲ್ಲ. ಜೋರು ಮಾಡಿದಾಗ ಹೆಚ್ಚು ಕರೆಂಟ್ ಹರಿದು ಪೊರೆ ಒಡೆಯುತ್ತದೆ. ರಿಲೇ ಬದಲಿಸುವುದೇ ಒಳ್ಳೆಯದು. ಉಪ್ಪುಕಾಗದದಿಂದ ತಿಕ್ಕಿಸಬೇಡಿ, ಮೇಲಿನ ಬೆಳ್ಳಿಯ ಲೇಪ ಹೋಗಿಬಿಡುತ್ತದೆ.

ತೀರದ ಮನೆಗಳಿಂದ ಬರುವ ಆಂಪ್‌ಗಳ ಮುಚ್ಚಳ ತೆಗೆದರೆ ನಾನು ಕಾಣುವುದು ಹೀಗೆ. ತಾಮ್ರದ ಪಟ್ಟಿಗಳ ಅಂಚಿನಲ್ಲಿ ಹಸಿರು ಕಿಲುಬು. ಸ್ಕ್ರೂಗಳ ತಲೆ ಕೆಂಪು. ಫ್ಯಾನ್ ಇದ್ದರೆ ಅದರ ಎದುರಿಗೆ ಬರುವ ಬೋರ್ಡಿನ ಭಾಗದಲ್ಲಿ ಧೂಳು ಮತ್ತು ಉಪ್ಪು ಸೇರಿದ ಬೂದು ಪದರ, ಬೆರಳಿಗೆ ಜಿಗುಟು. ಮಳೆಗಾಲ ಬಂತೆಂದರೆ ಆ ಪದರ ನೀರು ಹೀರುತ್ತದೆ, ಎರಡು ಪಟ್ಟಿಗಳ ನಡುವೆ ಕರೆಂಟಿಗೆ ದಾರಿಯಾಗುತ್ತದೆ. ಹಾಗಾಗಿ ಕರಾವಳಿಯವರು ಫ್ಯಾನ್ ಇರುವ ಆಂಪ್ ಕೊಳ್ಳುವುದೇ ಬೇಡ ಅನ್ನುತ್ತೇನೆ. ಹೊರಗಿನ ಹೀಟ್‌ಸಿಂಕ್ ಇರಲಿ. ಪೂರ್ತಿ ಮುಚ್ಚಿದ ರಿಲೇ ಇರಲಿ, ಅಥವಾ ರಿಲೇ ಬದಲು ಕಾಂಟ್ಯಾಕ್ಟೇ ಇಲ್ಲದ ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್) ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು. ಬೋರ್ಡಿನ ಮೇಲೆ ವಾರ್ನಿಷ್ ಲೇಪ ಇದೆಯೇ ಕೇಳಿ. ಹಿಂದಿನ ಸಾಕೆಟ್‌ಗಳಿಗೆ ಚಿನ್ನದ ಲೇಪ ಇರಲಿ. ಇದು ಧ್ವನಿಗಾಗಿ ಅಲ್ಲ, ಕಿಲುಬು ಬರದಿರಲಿ ಅಂತ.

ಗಾಳಿಕಿಂಡಿಗಳು ಹಲ್ಲಿ ತೂರುವಷ್ಟು ಅಗಲ ಇರಬಾರದು. ಬೆಚ್ಚಗಿದೆ ಅಂತ ಒಳಗೆ ಹೋದ ಹಲ್ಲಿ ಪವರ್ ಸಪ್ಲೈ ಮೇಲೆ ಸತ್ತು ಬಿದ್ದರೆ ಅದೂ ಹೋಯಿತು, ಆಂಪೂ ಹೋಯಿತು. ಕಿಂಡಿ ಅಗಲ ಇದ್ದರೆ ಸಣ್ಣ ಕಣ್ಣಿನ ಸ್ಟೀಲ್ ಜಾಳಿಗೆಯನ್ನು ಹೊರಗಿನಿಂದ ಕೂರಿಸಿ. ಮಳೆಗಾಲದಲ್ಲಿ ಆಂಪನ್ನು ವಾರಗಟ್ಟಲೆ ಆಫ್ ಮಾಡಿ ಇಡಬೇಡಿ. ದಿನಾ ಸ್ವಲ್ಪ ಹೊತ್ತು ಹಾಡಿಸಿ.

ಪ್ರಶ್ನೆ: ಒಂದು ಆಂಪ್‌ನ ಡ್ಯಾಂಪಿಂಗ್ ಫ್ಯಾಕ್ಟರ್ 200, ಇನ್ನೊಂದರದ್ದು 800. ಎರಡನೆಯದು ನಾಲ್ಕು ಪಟ್ಟು ಉತ್ತಮವೇ?
— ನಿವೃತ್ತ ಮುಖ್ಯಾಧ್ಯಾಪಕರು, ಹೊನ್ನಾವರ

ಉತ್ತರ: ಇಲ್ಲ ಮಾಸ್ತರೇ. ಸ್ಪೀಕರಿನ ಅಲುಗಾಟವನ್ನು ಆಂಪ್ ಎಷ್ಟು ಹಿಡಿದಿಡುತ್ತದೆ ಅನ್ನುವ ಅಳತೆ ಅದು. 8 ಓಮನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಆಂಪ್‌ನ ಒಳರೋಧ ಸಿಗುತ್ತದೆ. 200 ಅಂದರೆ 0.04 ಓಮ್, 800 ಅಂದರೆ 0.01 ಓಮ್. ಆದರೆ 1.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು 5 ಮೀಟರ್ ದೂರಕ್ಕೆ ಎಳೆದರೆ ಹೋಗಿ ಬರುವ ದಾರಿ ಸೇರಿ ಅದರದ್ದೇ 0.11 ಓಮ್ ದಾಟುತ್ತದೆ. ಸ್ಪೀಕರಿನ ಕಾಯಿಲ್‌ನ ರೋಧ 6 ಓಮ್ ಹತ್ತಿರ ಇರುತ್ತದೆ. ಇವುಗಳ ಮುಂದೆ ಆ 0.03ರ ವ್ಯತ್ಯಾಸ ಕಿವಿಗೆ ಎಲ್ಲಿ ಸಿಗಬೇಕು? 2.5 ಚದರ ಮಿಲಿಮೀಟರಿನ ವೈರ್ ಹಾಕಿ, ಉದ್ದ ಕಡಿಮೆ ಮಾಡಿ. ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇರುವ ವಾಲ್ವ್ ಆಂಪ್‌ಗಳಲ್ಲಿ ಈ ಸಂಖ್ಯೆ ಹತ್ತಕ್ಕೂ ಕೆಳಗೆ ಇಳಿಯಬಹುದು. ಅಲ್ಲಿ ಮಾತ್ರ ಇದನ್ನು ಗಮನಿಸಬೇಕು.

ಪ್ರಶ್ನೆ: ಎಲ್ಲ ಆಂಪ್‌ಗಳೂ ಒಂದೇ ತರ ಕೇಳಿಸುತ್ತವೆ, ಲಕ್ಷಗಟ್ಟಲೆ ಕೊಡುವುದು ದಂಡ ಅಂತ ನನ್ನ ಗೆಳೆಯ ಹೇಳುತ್ತಾನೆ. ನಿಜವೇ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಯಲ್ಲಾಪುರ

ಉತ್ತರ: ತಮ್ಮಾ, ನಿನ್ನ ಗೆಳೆಯ ಹೇಳಿದ್ದರಲ್ಲಿ ಸತ್ಯ ಇದೆ, ಪೂರ್ತಿ ಅಲ್ಲ. 1985ರಲ್ಲಿ ಅಮೆರಿಕದ ಬಾಬ್ ಕಾರ್ವರ್ ಎಂಬ ಆಂಪ್ ತಯಾರಕರು ಸ್ಟೀರಿಯೋಫೈಲ್ ಪತ್ರಿಕೆಯವರ ಮುಂದೆ ಒಂದು ಸವಾಲು ಇಟ್ಟರು. ನೀವು ಮೆಚ್ಚಿದ ಯಾವುದೇ ಆಂಪ್‌ನ ಧ್ವನಿಯನ್ನು ನನ್ನ ಕಡಿಮೆ ಬೆಲೆಯ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ತರುತ್ತೇನೆ ಅಂದರು. ಪತ್ರಿಕೆಯವರು ಬಹಳ ದುಬಾರಿಯ ವಾಲ್ವ್ ಆಂಪ್ ತಂದರು. ಕಾರ್ವರ್ ಎರಡರ ಔಟ್‌ಪುಟ್ ಒಂದರಿಂದ ಒಂದು ಕಳೆದು, ಉಳಿದ ವ್ಯತ್ಯಾಸ ಸಣ್ಣದಾಗುತ್ತಾ ಹೋಗುವಂತೆ ತಮ್ಮ ಆಂಪನ್ನು ತಿದ್ದಿದರು. ಕೊನೆಗೆ ಕೇಳಿದವರಿಗೆ ಯಾವುದು ಯಾವುದೆಂದು ಗುರುತಿಸಲು ಆಗಲಿಲ್ಲ.

ಇಲ್ಲಿ ಎರಡು ಸಂಗತಿ ಇವೆ ನೋಡು. ತಿದ್ದುವ ಮೊದಲು ವ್ಯತ್ಯಾಸ ಇತ್ತು, ಅಂದರೆ ಅದು ಬರೀ ಭ್ರಮೆಯಲ್ಲ. ಅದನ್ನು ಅಳೆಯಲು, ತಿದ್ದಲು ಬಂತು, ಅಂದರೆ ಅದು ಬೆಲೆಯೊಳಗೆ ಅಡಗಿದ ಗುಟ್ಟೂ ಅಲ್ಲ. ಕ್ಲಿಪ್ ಆಗದ, ಒಳರೋಧ ಕಡಿಮೆ ಇರುವ, ಚೆನ್ನಾಗಿ ಮಾಡಿದ ಎರಡು ಆಂಪ್‌ಗಳನ್ನು ಸಮ ಮಟ್ಟದಲ್ಲಿ ಗುರುತಿಸುವುದು ಬಹಳ ಕಷ್ಟ. ಲಕ್ಷ ರೂಪಾಯಿ ಹೋಗುವುದು ಟ್ರಾನ್ಸ್‌ಫಾರ್ಮರ್, ಹೀಟ್‌ಸಿಂಕ್, ಪೆಟ್ಟಿಗೆಗೆ. 4 ಓಮ್‌ಗೂ ಕೆಳಗೆ ಇಳಿಯುವ ಕಷ್ಟದ ಸ್ಪೀಕರ್ ಇದ್ದರೆ ಆ ಹಣ ದಂಡವಲ್ಲ. ನಿನ್ನ ಬಳಿ ಈಗ ಹಣ ಕಡಿಮೆ ಇದ್ದರೆ ಮೊದಲು ಸ್ಪೀಕರಿಗೆ ಹಾಕು.

ಪ್ರಶ್ನೆ: ಸಂಜೆ ಹೊತ್ತು ನಮ್ಮ ಆಂಪ್ ಗುಂಯ್ ಅನ್ನುತ್ತದೆ. ಅರ್ಥಿಂಗ್ ಪಿನ್ ತೆಗೆದರೆ ಹೋಗುತ್ತದೆ ಅಂತ ಒಬ್ಬರು ಹೇಳಿದರು.
— ಕೃಷಿಕರು, ಸಿದ್ದಾಪುರ

ಉತ್ತರ: ಅರ್ಥಿಂಗ್ ಪಿನ್ ದಯವಿಟ್ಟು ಮುಟ್ಟಬೇಡಿ. ಒಳಗೆ ಏನಾದರೂ ಶಾರ್ಟ್ ಆದರೆ ಲೋಹದ ಪೆಟ್ಟಿಗೆಗೇ 230 ವೋಲ್ಟ್ ಬರುತ್ತದೆ. ಗುಂಯ್ ಅನ್ನುವುದು ಸ್ಪೀಕರೋ, ಪೆಟ್ಟಿಗೆಯೋ ಮೊದಲು ನೋಡಿ. ಸ್ಪೀಕರ್ ಆದರೆ ಇನ್‌ಪುಟ್ ವೈರುಗಳನ್ನೆಲ್ಲ ಕಿತ್ತು ಕೇಳಿ. ನಿಂತರೆ ಅರ್ಥ್ ಎರಡು ದಾರಿಯಲ್ಲಿ ಸೇರಿದೆ, ಸಾಮಾನ್ಯವಾಗಿ ಟಿವಿ ಕೇಬಲ್ ಕಡೆಯಿಂದ. ಎಲ್ಲವನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿ ನೋಡಿ. ಪೆಟ್ಟಿಗೆಯೇ ಆದರೆ ಅದು ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್. ಲೈನಿನಲ್ಲಿ ಸ್ವಲ್ಪವೇ ಡಿಸಿ ಸೇರಿದರೂ ಅದು ಗುಂಯ್‌ಗುಡುತ್ತದೆ. ಸಂಜೆ ಮಾತ್ರ ಬರುತ್ತದೆ ಅಂದಿದ್ದೀರಿ, ಹಾಗಾಗಿ ನನಗೆ ಇದರ ಮೇಲೇ ಅನುಮಾನ. ಡಿಸಿ ಬ್ಲಾಕರ್ ಹಾಕಿಸಿದರೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಜಂಬಿಟ್ಟಿಗೆ ನೆಲ ಪೂರ್ತಿ ಒಣಗುತ್ತದೆ, ಅರ್ಥಿಂಗ್ ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ.

ಪ್ರಶ್ನೆ: ಇನ್‌ವರ್ಟರ್ ಮೇಲೆ ಆಂಪ್ ಹಾಕಬಹುದೇ?
— ಓದುಗರು, ಅಂಕೋಲಾ

ಉತ್ತರ: ಸೈನ್ ವೇವ್ ಆದರೆ ಹಾಕಬಹುದು, ಸ್ಕ್ವೇರ್ ವೇವ್ ಆದರೆ ಬೇಡ, ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ದೊಡ್ಡ ಆಂಪ್ ಆನ್ ಮಾಡಿದ ಕ್ಷಣ ಎಳೆಯುವ ಕರೆಂಟಿಗೆ ಸಣ್ಣ ಇನ್‌ವರ್ಟರ್ ಟ್ರಿಪ್ ಆಗುತ್ತದೆ, ಆಂಪ್‌ನಲ್ಲಿ ಆ ಕರೆಂಟನ್ನು ತಡೆದು ನಿಧಾನಕ್ಕೆ ಬಿಡುವ ಸಾಫ್ಟ್ ಸ್ಟಾರ್ಟ್ ಇದೆಯೇ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ, ಡಿಶ್ ಆ್ಯಂಟೆನಾದ ಕೇಬಲನ್ನೂ.