ಏಳು ದಿನದ ಎಣಿಕೆ, ಇಪ್ಪತ್ತು ವರ್ಷದ ರಸ್ತೆ

ಮಾನ್ಯರೆ,

ರಸ್ತೆಬದಿಯಲ್ಲಿ ಏಳು ದಿನ ಕೂತು ವಾಹನ ಎಣಿಸಿದವರು ಇಪ್ಪತ್ತು ವರ್ಷದ ನಂತರದ ಸಂಚಾರವನ್ನು ಹೇಗೆ ಹೇಳಬಲ್ಲರು, ಅಂಥ ಲೆಕ್ಕ ನಂಬಿ ಹೆದ್ದಾರಿಗೆ ನೂರಾರು ಕೋಟಿ ಸುರಿಯುವುದು ಸರಿಯೇ ಎಂದು ಹೊಸಪೇಟೆಯಿಂದ ಬರೆದು ಕೇಳಿದ್ದೀರಿ. ನಿಮ್ಮ ಸಂಶಯ ನ್ಯಾಯವಾದದ್ದೇ. ಆದರೆ ಸಂಶಯಪಡಬೇಕಾದದ್ದು ಎಣಿಕೆಯನ್ನಲ್ಲ, ಅದರ ಮೇಲೆ ಹೇರುವ ಬೆಳವಣಿಗೆ ದರವನ್ನು.

ಎಣಿಕೆಗೆ ಒಂದು ಕ್ರಮವಿದೆ. ಏಳು ದಿನ, ಹಗಲೂ ರಾತ್ರಿ, ಹಾದುಹೋಗುವ ವಾಹನಗಳನ್ನು ಬಗೆಬಗೆಯಾಗಿ ಗುರುತು ಹಾಕಿಕೊಂಡು, ರಸ್ತೆ ನಿರ್ಮಾಣದ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಗದಿಪಡಿಸಿದ ಅಂಕಿಯಿಂದ ಗುಣಿಸಿ, ಎಲ್ಲವನ್ನೂ ಕಾರಿನ ಲೆಕ್ಕಕ್ಕೆ, ಅಂದರೆ ಪಿಸಿಯುಗೆ ತರುತ್ತಾರೆ. ಕಾರಿಗೆ 1, ಲಾರಿ ಅಥವಾ ಬಸ್ಸಿಗೆ 3, ಎತ್ತಿನ ಗಾಡಿಗೆ 8. (ಗಾಡಿಗೆ ಇಷ್ಟು ದೊಡ್ಡ ಅಂಕಿ ಅದರ ಭಾರಕ್ಕಲ್ಲ, ಹಿಂದೆ ಬರುವವರನ್ನು ಅದು ತಡೆದು ನಿಲ್ಲಿಸುವ ಹೊತ್ತಿಗೆ.) ಕಬ್ಬು ಸಾಗಿಸುವ ತಿಂಗಳ ಭರಾಟೆಯನ್ನೇ ಇಡೀ ವರ್ಷದ್ದೆಂದು ತಿಳಿಯದಂತೆ ಋತುಮಾನದ ತಿದ್ದುಪಡಿಯೂ ಉಂಟು. ಇಲ್ಲಿ ತಪ್ಪಾದರೂ ಅದಕ್ಕೊಂದು ಮಿತಿಯಿರುತ್ತದೆ.

ದರದ ಮಾತು ಬೇರೆ. ಇಂದು ದಿನಕ್ಕೆ 10,000 ಪಿಸಿಯು ಇರುವ ರಸ್ತೆಯನ್ನೇ ತೆಗೆದುಕೊಳ್ಳಿ. ವರ್ಷಕ್ಕೆ ಶೇ 5ರಂತೆ ಬೆಳೆದರೆ ಇಪ್ಪತ್ತು ವರ್ಷಕ್ಕೆ ಸುಮಾರು 26,500 ಆಗುತ್ತದೆ, ಚತುಷ್ಪಥ ಧಾರಾಳವಾಗಿ ಸಾಕು. ಶೇ 7.5 ಎಂದು ಹಿಡಿದರೆ ಸುಮಾರು 42,500 ಆಗುತ್ತದೆ, ಷಟ್ಪಥ ಬೇಕೆಂಬ ವಾದ ಹುಟ್ಟುತ್ತದೆ. ಎರಡೂ ದರಗಳು ಕಾಗದದ ಮೇಲೆ ಅಷ್ಟೇ ಸಭ್ಯವಾಗಿ ಕಾಣುತ್ತವೆ.

ಸಾಮಾನ್ಯವಾಗಿ ಈ ದರವನ್ನು ಹಿಂದಿನ ವರ್ಷಗಳ ರಾಜ್ಯದ ಆದಾಯ ಮತ್ತು ಸಂಚಾರದ ಸಂಬಂಧದಿಂದ ತೆಗೆಯುತ್ತಾರೆ. ಆ ಸಂಬಂಧ ಹೇಗೆ ಕಡಿದುಹೋಗುತ್ತದೆಂಬುದನ್ನು ನಿಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ತಡೆಯಿತು, ಮರುವರ್ಷ ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಬಂದರಿನತ್ತ ಸಾಲುಗಟ್ಟಿ ಸಾಗುತ್ತಿದ್ದ ಲಾರಿಗಳ ಏರಿಕೆಯನ್ನೇ ಮುಂದಕ್ಕೆ ಎಳೆದ ಯಾವ ಅಂದಾಜೂ ಆ ಆದೇಶಗಳ ಮುಂದೆ ನಿಲ್ಲುವಂತಿರಲಿಲ್ಲ. ಒಂದೇ ಸರಕನ್ನು ನೆಚ್ಚಿದ ರಸ್ತೆಗೆ ಆ ಸರಕು ನಿಂತರೆ ಗತಿಯೇನು ಎಂಬ ಲೆಕ್ಕ ಪ್ರತ್ಯೇಕವಾಗಿ ಇರಲೇಬೇಕು. 14 ದೇಶಗಳ 183 ರಸ್ತೆ ಯೋಜನೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಅರ್ಧದಷ್ಟು ರಸ್ತೆಗಳ ಸಂಚಾರ ಅಂದಾಜಿಗಿಂತ ಶೇ 20ಕ್ಕೂ ಮಿಕ್ಕಿ ಹೆಚ್ಚೋ ಕಡಿಮೆಯೋ ಆಗಿತ್ತು.

ತಪ್ಪಿನ ಹೊರೆ ಯಾರ ಮೇಲೆ ಎಂಬ ಪ್ರಶ್ನೆಯನ್ನು ನೀವು ಎತ್ತಿಲ್ಲ, ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. ಟೋಲ್ ಆಧಾರಿತ ಬಿಒಟಿ ಗುತ್ತಿಗೆಗೆ (ಗುತ್ತಿಗೆದಾರನೇ ಹಣ ಹೂಡಿ ರಸ್ತೆ ಕಟ್ಟಿ, ಟೋಲ್ ವಸೂಲಿ ಮಾಡಿ, ಅವಧಿ ಮುಗಿದ ಮೇಲೆ ಸರ್ಕಾರಕ್ಕೆ ಒಪ್ಪಿಸುವ ಪದ್ಧತಿ) ಹೆಚ್ಚು ಸಂಚಾರವನ್ನು ಊಹಿಸಿಕೊಂಡವನೇ ಹೆಚ್ಚು ಬಿಡ್ ಮಾಡಿ ಗೆಲ್ಲುತ್ತಿದ್ದ, ಆಮೇಲೆ ಸಾಲ ತೀರಿಸಲಾಗದೆ ಒದ್ದಾಡುತ್ತಿದ್ದ. 2016ರಲ್ಲಿ ಬಂದ, ಗುತ್ತಿಗೆದಾರನಿಗೆ ಸರ್ಕಾರವೇ ಕಂತುಗಳಲ್ಲಿ ಹಣ ಕೊಟ್ಟು ಟೋಲನ್ನು ತಾನು ಪಡೆಯುವ ಹೈಬ್ರಿಡ್ ಆನ್ಯುಯಿಟಿ ಪದ್ಧತಿಯಲ್ಲಿ ಆ ಅಪಾಯ ಸರ್ಕಾರದ ಹೆಗಲಿಗೆ ಬಂದಿದೆ. ಕಳೆದುಕೊಳ್ಳುವ ಭಯವಿರುವ ಸಾಲದಾತರು ಅಂಕಿಗಳನ್ನು ಕೆದಕುತ್ತಿದ್ದರು. ಸಾರ್ವಜನಿಕ ಹಣದ ವಿಷಯದಲ್ಲಿ ಅಷ್ಟು ಕೆದಕುವವರು ಯಾರು?

ಆದ್ದರಿಂದ ಅಂದಾಜನ್ನು ಕೈಬಿಡುವ ಬದಲು, ಅದು ತಪ್ಪಿದರೂ ತಾಳಿಕೊಳ್ಳುವಂಥ ನಿರ್ಧಾರ ಮಾಡುವುದು ವಿವೇಕ. ಷಟ್ಪಥಕ್ಕೆ ಸಾಲುವಷ್ಟು ಭೂಮಿಯನ್ನು ಮೊದಲೇ ಪಡೆದು, ಈಗ ನಾಲ್ಕು ಪಥ ಹಾಕಿ, ಎಷ್ಟು ಪಿಸಿಯು ತಲುಪಿದಾಗ ಅಗಲಿಸಬೇಕೆಂಬುದನ್ನು ಆರಂಭದಲ್ಲೇ ಬರೆದಿಡಬಹುದು. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಟೋಲ್ ಗೇಟಿನ ಲೆಕ್ಕ ದಿನವೂ ಸಿಗುತ್ತದೆ, ಬೈಕು ಮತ್ತು ಟ್ರ್ಯಾಕ್ಟರುಗಳನ್ನು ಮಾತ್ರ ಬೇರೆಯಾಗಿ ಎಣಿಸಬೇಕು. ನಿಮ್ಮೂರಿನ ರಸ್ತೆಯ ಯೋಜನಾ ವರದಿ ಕೈಗೆ ಸಿಕ್ಕರೆ ಸಂಚಾರದ ಅಧ್ಯಾಯ ತೆರೆದು, ಕಡಿಮೆ ದರದಲ್ಲಿ ಮಾಡಿದ ಲೆಕ್ಕವನ್ನೂ ಕೊಟ್ಟಿದ್ದಾರೆಯೇ ನೋಡಿ. ಇಲ್ಲದಿದ್ದರೆ ಏಕಿಲ್ಲವೆಂದು ಬರೆದು ಕೇಳಿ.

– ಸಂಪಾದಕ